ಕಂದರದ ಅಂಚಿನಲ್ಲಿ ರೊಂಡಾ

ಸ್ಪೇನ್ ದೇಶದ ದಕ್ಷಿಣಕ್ಕೆ, ಆಂದಲೂಸಿಯಾ ಸೀಮೆಯ ಮಾಲಗಾ ಜಿಲ್ಲೆಯ ಬೆಟ್ಟಗಳ ನಡುವೆ ರೊಂಡಾ ಎಂಬ ಊರಿದೆ. ಸಮುದ್ರಮಟ್ಟದಿಂದ ಸುಮಾರು 740 ಮೀಟರ್ ಎತ್ತರ. ಜನಸಂಖ್ಯೆ 30,000 ದಾಟಿದೆ. ನೆತ್ತಿ ಚಪ್ಪಟೆಯಾದ ಒಂದು ಕಲ್ಲುದಿಬ್ಬದ ಮೇಲೆ ಊರು ಕೂತಿದೆ. ಗ್ವಾದಲೆವಿನ್ ಎಂಬ ಸಣ್ಣ ನದಿ ಆ ದಿಬ್ಬವನ್ನು ನಟ್ಟನಡುವೆ ಸೀಳಿಕೊಂಡು ಹರಿಯುತ್ತದೆ. ಸೀಳಿನ ಆಳ ಸುಮಾರು 100 ಮೀಟರ್. ಊರಿನವರು ಅದನ್ನು ‘ಎಲ್ ತಾಹೊ’ ಎಂದು ಕರೆಯುತ್ತಾರೆ, ಕಡಿತ ಎಂದರ್ಥ. ಕಂದರದ ತೆಂಕಣ ದಂಡೆಯಲ್ಲಿ ಹಳೆಯ ಊರು ‘ಲಾ ಸಿಯುದಾದ್’, ಬಡಗಣ ದಂಡೆಯಲ್ಲಿ ಆಮೇಲೆ ಬೆಳೆದ ‘ಎಲ್ ಮೆರ್ಕದಿಯೊ’. ಇಂದು ಜನ ದೂರದೂರದಿಂದ ಬಂದು ಫೋಟೊ ತೆಗೆದುಕೊಳ್ಳುವ ಈ ಕಂದರ ಊರಿನವರ ಪಾಲಿಗೆ ಶತಮಾನಗಳ ಕಾಲ ದೊಡ್ಡ ತಾಪತ್ರಯವಾಗಿತ್ತು. ಆಚೆ ದಂಡೆಗೆ ಹೋಗುವುದು ಹೇಗೆ, ಕಣ್ಣಿಗೆ ಕಾಣುವ ನದಿಯ ನೀರನ್ನು ಮೇಲಕ್ಕೆ ತರುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳೇ ಇಲ್ಲಿ ನೋಡುವಂಥ ಕಟ್ಟಡಗಳಲ್ಲಿ ಮುಖ್ಯವಾದವು.

ಈ ದಿಬ್ಬ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ಶೇಖರವಾದ ಮರಳು, ಸುಣ್ಣ, ನುಣುಪುಗಲ್ಲುಗಳು ಗಟ್ಟಿಯಾಗಿ ಬೆಸೆದುಕೊಂಡವು. ನೆಲ ಮೇಲೆದ್ದಂತೆ ನದಿ ಅದನ್ನು ಕೊರೆಯುತ್ತಾ ಇಳಿಯಿತು. ಕಂದರದ ಗೋಡೆಯನ್ನು ಹತ್ತಿರದಿಂದ ನೋಡಿದರೆ ಉಂಡೆಯಲ್ಲಿ ಸಿಕ್ಕ ಗೋಡಂಬಿಯಂತೆ ಬೆಣಚುಗಳು ಬಂಡೆಯೊಳಗೆ ಹುದುಗಿರುವುದು ಕಾಣುತ್ತದೆ. ಗ್ವಾದಲೆವಿನ್ ಎಂಬ ಹೆಸರು ಅರಬ್ಬಿ ಮೂಲದ್ದು, ಹಾಲಿನ ಹೊಳೆ ಎಂದು ಅದರ ಅರ್ಥ ಎನ್ನುತ್ತಾರೆ. ಬೇಸಿಗೆಯಲ್ಲಿ ಮಾತ್ರ ಹೊಳೆ ಎನ್ನಲು ಸಂಕೋಚವಾಗುವಷ್ಟು ಸಣಕಲು. ಇಂಥ ನೀರು ಇಷ್ಟು ಆಳ ಕೊರೆದಿದೆ ಎಂದರೆ ಮೊದಲ ನೋಟಕ್ಕೆ ನಂಬಿಕೆ ಬರುವುದಿಲ್ಲ.

ಮಾಲಗಾ ನಗರದಿಂದ ರೊಂಡಾಕ್ಕೆ ಸುಮಾರು 100 ಕಿಲೋಮೀಟರ್, ಸೆವಿಯಾದಿಂದ ಸುಮಾರು 130. ಎರಡೂ ಕಡೆಯಿಂದ ಬಸ್ಸಿದೆ. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ನೋಡಿ ಮರಳಬಹುದು. ಕರಾವಳಿಯ ಸಾನ್ ಪೆದ್ರೊ ದೆ ಅಲ್ಕಾಂತರಾ ಕಡೆಯಿಂದ ಹತ್ತುವ ರಸ್ತೆ ಪೂರ್ತಿ ತಿರುವುಗಳದ್ದು, ಪ್ರಯಾಣದಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯುವುದು ಲೇಸು. ಅಲ್ಹೆಸಿರಾಸ್ ಬಂದರಿನಿಂದ ಬರುವವರಿಗೆ ರೈಲಿದೆ. ಆ ಮಾರ್ಗವನ್ನು 1890ರ ದಶಕದ ಆರಂಭದಲ್ಲಿ ಹಾಕಿದ್ದು ಬ್ರಿಟಿಷ್ ಕಂಪನಿ. ಜಿಬ್ರಾಲ್ಟರ್‌ನಲ್ಲಿ ಬೀಡುಬಿಟ್ಟಿದ್ದ ಆಂಗ್ಲ ಅಧಿಕಾರಿಗಳಿಗೆ ಸೆಕೆಯಿಂದ ತಪ್ಪಿಸಿಕೊಳ್ಳಲು ಒಂದು ಬೆಟ್ಟದೂರು ಬೇಕಿತ್ತು. ಅವರ ಕಣ್ಣು ರೊಂಡಾದ ಮೇಲೆ ಬಿತ್ತು. ಅದೇ ಗಿರಾಕಿಗಳನ್ನು ನೆಚ್ಚಿ 1906ರಲ್ಲಿ ಕಂದರದ ಅಂಚಿಗೆ ರೆಯ್ನಾ ವಿಕ್ತೋರಿಯಾ ಎಂಬ ಹೋಟೆಲ್ ಎದ್ದಿತು. ಜರ್ಮನ್ ಭಾಷೆಯ ಕವಿ ರೈನರ್ ಮರಿಯಾ ರಿಲ್ಕೆ 1912ರ ಡಿಸೆಂಬರಿನಲ್ಲಿ ಬಂದು ಚಳಿಗಾಲ ಕಳೆದದ್ದು ಇಲ್ಲೇ. ಹೋಟೆಲಿನ ತೋಟದಲ್ಲಿ ಅವನ ಪ್ರತಿಮೆ ನಿಂತಿದೆ. ಭಾರತದಿಂದ ಹೋಗುವವರಿಗೆ ಸ್ಪೇನ್ ಪ್ರವೇಶಕ್ಕೆ ಷೆಂಗೆನ್ ವೀಸಾ ಬೇಕು. ಏಪ್ರಿಲ್, ಮೇ, ಅಕ್ಟೋಬರ್ ತಿಂಗಳುಗಳು ಹದವಾದವು. ಜುಲೈ-ಆಗಸ್ಟ್‌ನ ಮಧ್ಯಾಹ್ನ ಕಲ್ಲುಬೀದಿಗಳು ಕಾವಲಿಯಂತೆ ಕಾಯುತ್ತವೆ.

ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡೂ ಮೆರ್ಕದಿಯೊ ಭಾಗದಲ್ಲಿವೆ. ಪುಟ್ಟ ಮಾರುಕಟ್ಟೆ ಎಂಬುದು ಆ ಹೆಸರಿನ ಅರ್ಥ. ಕೋಟೆಯೊಳಗೆ ಸರಕು ತಂದರೆ ಸುಂಕ ಕೊಡಬೇಕಾಗುತ್ತದೆಂದು ವರ್ತಕರು ಹೊರಗಡೆಯೇ ಅಂಗಡಿ ಹರವಿದರು. ಸುಂಕ ಉಳಿಸುವ ಉಪಾಯ ಮುಂದೆ ಒಂದು ಪೇಟೆಯೇ ಆಯಿತು. ಇಲ್ಲಿಂದ ಹತ್ತು-ಹದಿನೈದು ನಿಮಿಷ ನಡೆದರೆ ಅಲಮೇದಾ ದೆಲ್ ತಾಹೊ ಎಂಬ ಉದ್ಯಾನ. ಹತ್ತೊಂಬತ್ತನೆಯ ಶತಮಾನದ ಆರಂಭದ ಈ ಉದ್ಯಾನಕ್ಕೆ ನಗರದ ಬೊಕ್ಕಸದಿಂದ ಬಿಡಿಗಾಸೂ ಖರ್ಚಾಗಲಿಲ್ಲವಂತೆ. ಬೀದಿಯಲ್ಲಿ ಹೊಲಸು ಮಾತಾಡಿ ಸಿಕ್ಕಿಬಿದ್ದವರಿಂದ ವಸೂಲಾದ ದಂಡದ ಹಣವೇ ಸಾಕಾಯಿತು ಎಂಬುದು ಊರಿನ ಮಾತು. ಮರಗಳ ಸಾಲು ಮುಗಿಯುವಲ್ಲಿ ನೆಲವೇ ಮುಗಿಯುತ್ತದೆ. ಕಬ್ಬಿಣದ ಕಟಕಟೆ, ಅದರಾಚೆ ಬರಿಯ ಗಾಳಿ, ತೀರ ಕೆಳಗೆ ಹೊಲ, ಆಲಿವ್ ತೋಟ, ಬಿಳಿಯ ದಾರದಂಥ ರಸ್ತೆ. ಬಂಡೆಯಿಂದಾಚೆಗೆ ಚಾಚಿಕೊಂಡ ಒಂದು ಮೊಗಸಾಲೆ ಇಲ್ಲಿದೆ. ಅಲ್ಲಿ ನಿಂತು ಕೆಳಗೆ ಬಗ್ಗಿದವರ ಬಾಯಿಂದ ತಾನಾಗಿ ಹೊರಡುವ ಒಂದು ಸ್ಪ್ಯಾನಿಷ್ ಬೈಗುಳವನ್ನೇ ಜನ ಅದಕ್ಕೆ ಹೆಸರಾಗಿ ಇಟ್ಟಿದ್ದಾರೆ. ಬೈಗುಳದ ದಂಡದಿಂದ ಎದ್ದ ತೋಟದ ಪಕ್ಕ ಅದು ಒಪ್ಪುವ ಹೆಸರೇ.

ಉದ್ಯಾನದ ಎದುರಿನ ಮೆರ್ಸೆದ್ ಕಾನ್ವೆಂಟಿನಲ್ಲಿ ಕಾರ್ಮೆಲೈಟ್ ಸನ್ಯಾಸಿನಿಯರಿದ್ದಾರೆ. ಹೊರಗಿನವರಿಗೆ ಮುಖ ತೋರಿಸದೆ ಬದುಕುವ ಇವರು ಸಿಹಿತಿಂಡಿ ಮಾಡಿ ಮಾರುತ್ತಾರೆ, ಅದೂ ಮುಖ ತೋರಿಸದೆಯೇ. ಗೋಡೆಯಲ್ಲಿ ಗಿರ್ರನೆ ತಿರುಗುವ ಮರದ ಪೀಪಾಯಿಯಂಥ ಗೂಡೊಂದಿದೆ; ‘ತೋರ್ನೊ’ ಎಂದು ಅದರ ಹೆಸರು. ಗಂಟೆ ಬಾರಿಸಿದರೆ ಒಳಗಿನಿಂದ ದನಿ ಬರುತ್ತದೆ. ಬೇಕಾದ್ದನ್ನು ಹೇಳಿ, ಗೂಡಿನಲ್ಲಿ ಹಣ ಇಟ್ಟರೆ ಅದು ತಿರುಗಿ ಒಳಗೆ ಹೋಗುತ್ತದೆ. ಮತ್ತೆ ತಿರುಗಿ ಬರುವಾಗ ತಿಂಡಿಯ ಡಬ್ಬಿ ಇರುತ್ತದೆ. ಹದಿನಾರನೆಯ ಶತಮಾನದ ಸಂತ ತೆರೇಸಾಳ ಕೈಯನ್ನು ಪವಿತ್ರ ಅವಶೇಷವೆಂದು ಈ ಕಾನ್ವೆಂಟಿನಲ್ಲಿ ಕಾಪಾಡಿಕೊಂಡಿದ್ದಾರೆ. ಸ್ಪೇನ್‌ನ ಅಂತರ್ಯುದ್ಧದ ಕಾಲದಲ್ಲಿ ಈ ಕೈ ಸರ್ವಾಧಿಕಾರಿ ಫ್ರಾಂಕೊನ ವಶವಾಯಿತು. 1975ರಲ್ಲಿ ಸಾಯುವವರೆಗೂ ಅವನು ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದ; ಆಮೇಲಷ್ಟೇ ಅದು ರೊಂಡಾಕ್ಕೆ ಮರಳಿತು.

ಅಲ್ಲೇ ಹತ್ತಿರ ಗೂಳಿಕಾಳಗದ ಅಂಕಣ. 1785ರಲ್ಲಿ ಆರಂಭವಾದ ಇದು ಸ್ಪೇನ್‌ನ ಅತ್ಯಂತ ಹಳೆಯ ಅಂಕಣಗಳ ಸಾಲಿಗೆ ಸೇರುತ್ತದೆ. ನಡುವಿನ ಮರಳುನೆಲದ ವ್ಯಾಸ 66 ಮೀಟರ್, ಸುತ್ತ ಎರಡು ಅಂತಸ್ತು, 136 ಕಲ್ಲುಕಂಬ. ಬೇರೆ ಊರುಗಳ ಅಂಕಣಗಳಲ್ಲಿ ಬಿಸಿಲಿನ ಸೀಟಿಗೆ ಕಡಿಮೆ, ನೆರಳಿನ ಸೀಟಿಗೆ ಹೆಚ್ಚು ದರವಿರುತ್ತದೆ. ಇಲ್ಲಿ ಎಲ್ಲ ಸಾಲುಗಳ ಮೇಲೂ ಹಂಚಿನ ಮಾಡು ಇದೆ. ಗೂಳಿಯನ್ನು ಕುದುರೆಯ ಮೇಲಿನಿಂದ ಎದುರಿಸುವ ಶ್ರೀಮಂತರ ಪದ್ಧತಿ ಬಿಟ್ಟು ನೆಲದ ಮೇಲೆ ನಿಂತು, ಕೈಯಲ್ಲಿ ಕೆಂಪು ಬಟ್ಟೆ ಹಿಡಿದು ಎದುರಿಸುವ ವರಸೆಗೆ ರೂಪ ಕೊಟ್ಟವರು ಈ ಊರಿನ ರೊಮೆರೊ ಮನೆತನದವರು ಎಂಬ ಪ್ರತೀತಿಯಿದೆ. ಆ ಮನೆತನದ ಪೆದ್ರೊ ರೊಮೆರೊ 1754ರಲ್ಲಿ ಹುಟ್ಟಿ 1839ರವರೆಗೆ ಬದುಕಿದ. 5,000ಕ್ಕೂ ಹೆಚ್ಚು ಗೂಳಿಗಳನ್ನು ಕೊಂದರೂ ಮೈಗೆ ಗಾಯವಾಗಲಿಲ್ಲ ಎನ್ನುತ್ತಾರೆ. ಚಿತ್ರಕಾರ ಗೋಯಾ ಇವನ ಭಾವಚಿತ್ರ ಬರೆದಿದ್ದಾನೆ. ಈಗ ಇಲ್ಲಿ ವರ್ಷಕ್ಕೆ ಕೆಲವೇ ಕಾಳಗ ನಡೆಯುತ್ತವೆ. ಸೆಪ್ಟೆಂಬರಿನಲ್ಲಿ ಗೋಯಾ ಕಾಲದ ಉಡುಪು ತೊಟ್ಟು ಆಡುವ ‘ಗೋಯೆಸ್ಕಾ’ 1954ರಲ್ಲಿ ಶುರುವಾದದ್ದು. ಸ್ಪೇನ್‌ನಲ್ಲೇ ಗೂಳಿಕಾಳಗಕ್ಕೆ ಬಲವಾದ ವಿರೋಧವಿದೆ. ಕತಲೋನಿಯಾ 2010ರಲ್ಲಿ ನಿಷೇಧದ ಕಾನೂನು ಮಾಡಿತು, 2016ರಲ್ಲಿ ದೇಶದ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಾಳಗ ಒಗ್ಗದವರು ಖಾಲಿ ಅಂಕಣದ ಕಟ್ಟಡವನ್ನಷ್ಟೇ ನೋಡಿ ಬರಬಹುದು. ಕಟ್ಟಡ ಚೆನ್ನಾಗಿದೆ.

ಅಲ್ಲಿಂದ ಎರಡು ನಿಮಿಷಕ್ಕೆ ಹೊಸ ಸೇತುವೆ, ‘ಪ್ವೆಂತೆ ನ್ವೆವೊ’. ಹೆಸರು ಹೊಸದು, ವಯಸ್ಸು ಇನ್ನೂರ ಮೂವತ್ತು ದಾಟಿದೆ. ಇದಕ್ಕೂ ಮೊದಲು ಇದೇ ಜಾಗದಲ್ಲಿ 1735ರಲ್ಲಿ ಒಂದೇ ದೊಡ್ಡ ಕಮಾನಿನ ಸೇತುವೆ ಕಟ್ಟಿದ್ದರು. ಕೆಲಸ ಮುಗಿದದ್ದು ತಿಂಗಳುಗಳ ಲೆಕ್ಕದಲ್ಲಿ. ಆರೇ ವರ್ಷಕ್ಕೆ, 1741ರಲ್ಲಿ, ಅದು ಕುಸಿದು ಸುಮಾರು 50 ಮಂದಿ ಸತ್ತರು. ಆ ಪೆಟ್ಟಿನಿಂದ ಪಾಠ ಕಲಿತ ಊರು ಮುಂದಿನ ಸೇತುವೆಗೆ ಅವಸರ ಮಾಡಲಿಲ್ಲ. 1751ರಲ್ಲಿ ಹಿಡಿದ ಕೆಲಸ ನಿಂತು, ಮತ್ತೆ ಹೊರಟು, 1793ರಲ್ಲಿ ಮುಗಿಯಿತು. ಅಡಿಪಾಯಕ್ಕೆ ಬಂದ ಕೂಲಿಯವನ ಮೊಮ್ಮಗ ಕಟಕಟೆಯ ಕೆಲಸಕ್ಕೆ ಬಂದಿರಲೂಬಹುದಾದಷ್ಟು ಕಾಲ.

ದಂಡೆಯಿಂದ ದಂಡೆಗೆ ಒಂದೇ ಕಮಾನು ಹಾರಿಸುವ ಯೋಚನೆಯನ್ನು ಈ ಸಲ ಕೈಬಿಟ್ಟರು. ಕಂದರದ ತಳದಿಂದಲೇ ಗೋಡೆಯಂತೆ ಕಲ್ಲುಕಟ್ಟಡ ಎಬ್ಬಿಸಿದರು. ಬುಡದಲ್ಲಿ ನೀರು ಹಾಯಲು ಒಂದು ಚಿಕ್ಕ ಕಮಾನು. ಅದರ ಮೇಲೆ ಬಾಗಿಲಿನಂತೆ ಉದ್ದಕ್ಕೆ ಎದ್ದ ದೊಡ್ಡ ಕಮಾನು. ಮೇಲ್ಭಾಗದಲ್ಲಿ ಅದರ ಎಡಬಲಕ್ಕೆ ಎರಡು ಸಣ್ಣವು. ಒಟ್ಟು ಎತ್ತರ 98 ಮೀಟರ್. ಸೇತುವೆ ಎನ್ನುವುದಕ್ಕಿಂತ ಕಂದರಕ್ಕೆ ಹೊಡೆದ ಕಲ್ಲಿನ ಬೆಣೆ ಎಂದರೆ ಸರಿಹೋದೀತು. ಕೊನೆಯ ಹಂತವನ್ನು ಮುಗಿಸಿದವನು ಹೊಸೆ ಮಾರ್ತಿನ್ ದೆ ಅಲ್ದೆವೆಲಾ ಎಂಬ ವಾಸ್ತುಶಿಲ್ಪಿ. ಸೇತುವೆಯನ್ನು ಕೊನೆಯ ಬಾರಿ ಪರೀಕ್ಷಿಸುವಾಗ ಗಾಳಿಗೆ ಹಾರಿದ ಟೋಪಿಯನ್ನು ಹಿಡಿಯಹೋಗಿ ಬಿದ್ದು ಸತ್ತ ಎಂದು ಕಥೆ ಹೇಳುತ್ತಾರೆ. ಆದರೆ ಅವನು ಸತ್ತದ್ದು ಮಾಲಗಾದಲ್ಲಿ, 1802ರಲ್ಲಿ. ನಡುಗಮಾನಿನ ಮೇಲೆ, ರಸ್ತೆಯ ಅಡಿಗೆ ಒಂದು ಕೋಣೆಯಿದೆ. ಒಂದು ಕಾಲಕ್ಕೆ ಸೆರೆಮನೆಯಾಗಿದ್ದ ಅದು ಈಗ ಸೇತುವೆಯ ಕಥೆ ಹೇಳುವ ಪ್ರದರ್ಶನ. ಹೆಮಿಂಗ್ವೇ 1940ರಲ್ಲಿ ಪ್ರಕಟಿಸಿದ ‘ಫಾರ್ ಹೂಮ್ ದಿ ಬೆಲ್ ಟೋಲ್ಸ್’ ಕಾದಂಬರಿಯಲ್ಲಿ ಅಂತರ್ಯುದ್ಧದ ಆರಂಭದಲ್ಲಿ ಊರಿನ ಪ್ರಮುಖರನ್ನು ಕಮರಿಗೆ ನೂಕುವ ಪ್ರಸಂಗವೊಂದಿದೆ. ಓದುಗರು ಅದನ್ನು ರೊಂಡಾಕ್ಕೆ ತಳುಕು ಹಾಕುತ್ತಾರೆ. ಕಾದಂಬರಿಯಲ್ಲಿ ಆ ಊರಿಗೆ ಹೆಸರಿಲ್ಲ. ಅಲ್ಲಿರುವಂತೆಯೇ ಇಲ್ಲಿ ನಡೆಯಿತು ಎಂದು ಇತಿಹಾಸಕಾರರು ಒಪ್ಪುವುದೂ ಇಲ್ಲ.

ಸೇತುವೆ ದಾಟಿದರೆ ಹಳೆಯ ಊರು. ಗೋಡೆಗಳಿಗೆಲ್ಲ ಸುಣ್ಣ, ಕಿಟಕಿಗಳಿಗೆ ಹೊರಚಾಚಿದ ಕಬ್ಬಿಣದ ಜಾಲರಿ, ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಓಣಿಗಳು. ಸುಣ್ಣ ಬಿಸಿಲನ್ನು ಹಿಂದಕ್ಕೆ ಎಸೆದು ಮನೆಯನ್ನು ತಂಪಾಗಿಡುತ್ತದೆ. ಈ ಭಾಗದ ಊರುಗಳಿಗೆ ‘ಬಿಳಿ ಊರುಗಳು’ ಎಂಬ ಹೆಸರು ಬಂದದ್ದೇ ಅದರಿಂದ. ಎಂಟನೆಯ ಶತಮಾನದಿಂದ 1485ರವರೆಗೆ ಇದು ಮುಸ್ಲಿಂ ಆಳ್ವಿಕೆಯ ಊರು. ಮೈಗೆ ರೆಕ್ಕೆ ಕಟ್ಟಿಕೊಂಡು ಹಾರಲು ಹೋದನೆಂದು ಹೇಳಲಾಗುವ ಒಂಬತ್ತನೆಯ ಶತಮಾನದ ವಿದ್ವಾಂಸ ಅಬ್ಬಾಸ್ ಇಬ್ನ್ ಫಿರ್ನಾಸ್ ಹುಟ್ಟಿದ್ದು ಇಲ್ಲಿ. ನೆಲದ ಅಂಚು ಇಷ್ಟು ಹತ್ತಿರವಿರುವ ಊರಿನಲ್ಲಿ ಹುಟ್ಟಿದವನಿಗೆ ಹಾರುವ ಯೋಚನೆ ಬಂದದ್ದು ಆಶ್ಚರ್ಯವೇನಲ್ಲ. ಹಾರಲು ಹೋದದ್ದು ಮಾತ್ರ ಕೋರ್ದೊಬಾದಲ್ಲಿ. ಸಾಂತಾ ಮರಿಯಾ ಲಾ ಮಯೋರ್ ಇಗರ್ಜಿ ಹಿಂದೆ ಮಸೀದಿಯಿದ್ದ ಜಾಗದಲ್ಲಿದೆ. ಪ್ರಾರ್ಥನೆಯ ದಿಕ್ಕು ತೋರುತ್ತಿದ್ದ ಮಿಹ್ರಾಬಿನ ಕಮಾನು ಒಳಗೆ ಇನ್ನೂ ಉಳಿದಿದೆ. ಕಟ್ಟಿ ಮುಗಿಸಲು ಎರಡು ಶತಮಾನ ಹಿಡಿದ ಕಾರಣ ಇಗರ್ಜಿಯ ಒಂದರ್ಧ ಗಾಥಿಕ್, ಇನ್ನರ್ಧ ರೆನೆಸಾನ್ಸ್. ಊರಿನ ತೆಂಕಣ ತುದಿಯ ಬಾಗಿಲಿಗೆ ಅಲ್ಮೊಕಾಬರ್ ಎಂದು ಹೆಸರು. ಗೋರಿಗಳು ಎಂಬ ಅರಬ್ಬಿ ಪದದಿಂದ ಬಂದದ್ದು, ಆಚೆ ಸ್ಮಶಾನವಿತ್ತು.

ನೀರಿನ ಕಥೆ ಸಿಗುವುದು ಕಂದರದ ಅಂಚಿನ ‘ಮೂರ್ ರಾಜನ ಮನೆ’ಯಲ್ಲಿ, ‘ಕಾಸಾ ದೆಲ್ ರೆಯ್ ಮೋರೊ’. ಹೆಸರನ್ನು ನಂಬುವಂತಿಲ್ಲ. ಮನೆ ಹದಿನೆಂಟನೆಯ ಶತಮಾನದ್ದು, ಅಲ್ಲಿ ಯಾವ ಮೂರ್ ರಾಜನೂ, ಅಂದರೆ ಮುಸ್ಲಿಂ ದೊರೆಯೂ, ಇರಲಿಲ್ಲ. ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ತೋಟವನ್ನು 1912ರಲ್ಲಿ ರೂಪಿಸಿದವನು ಫ್ರಾನ್ಸಿನ ಫೊರೆಸ್ತಿಯೇ; ಸೆವಿಯಾದ ಮರಿಯಾ ಲೂಯಿಸಾ ಉದ್ಯಾನವೂ ಅವನದೇ ಕೈಕೆಲಸ. ಆದರೆ ಮನೆಯ ಅಡಿಯಲ್ಲಿರುವುದು ನಿಜವಾಗಿ ಮೂರ್‌ಗಳ ಕಾಲದ್ದು. ಹದಿನಾಲ್ಕನೆಯ ಶತಮಾನದಲ್ಲಿ ಬಂಡೆಯೊಳಗೆ ಕೊರೆದ ಸುರಂಗ ಸುಮಾರು 200 ಮೆಟ್ಟಿಲುಗಳಲ್ಲಿ ನದಿಯ ಮಟ್ಟಕ್ಕೆ ಇಳಿಯುತ್ತದೆ. ಗಡಿಯ ಊರು, ಮುತ್ತಿಗೆ ಯಾವಾಗ ಬೇಕಾದರೂ ಬೀಳಬಹುದು. ಗೋಡೆಯ ಹೊರಗೆ ಹೋಗದೆ ನೀರು ತರಲು ಇದೊಂದೇ ದಾರಿ. ಕ್ರೈಸ್ತ ಸೆರೆಯಾಳುಗಳು ಮೆಟ್ಟಿಲಿನ ಉದ್ದಕ್ಕೂ ಸಾಲಾಗಿ ನಿಂತು ನೀರು ತುಂಬಿದ ತೊಗಲಿನ ಚೀಲಗಳನ್ನು ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುತ್ತಿದ್ದರು. ರೊಂಡಾದಲ್ಲಿ ನೀರಿನ ಚೀಲ ಹೊರುತ್ತಲೇ ನಿನಗೆ ಸಾವು ಬರಲಿ ಎಂಬ ಶಾಪ ಆ ಕಾಲದಲ್ಲಿ ರೂಢಿಯಲ್ಲಿತ್ತು.

ಇಂದು ಆ ಮೆಟ್ಟಿಲು ಇಳಿಯುವವರಿಗೆ ಮೊದಲು ಅರಿವಾಗುವುದು ತಂಪು. ಆಮೇಲೆ ಕಾಲಡಿಯ ಜಾರು. ಮೆಟ್ಟಿಲುಗಳು ಒಂದೇ ಎತ್ತರದವಲ್ಲ, ಗೋಡೆಯಿಂದ ನೀರು ಒಸರುತ್ತದೆ, ಅಲ್ಲಲ್ಲಿ ಕೊರೆದ ಕಿಂಡಿಗಳಿಂದ ಬೀಳುವ ಬೆಳಕಿನ ಪಟ್ಟಿಯೇ ದಾರಿದೀಪ. ತಳ ಮುಟ್ಟಿದಾಗ ಹಸಿರು ಬಣ್ಣದ ನಿಂತ ನೀರು, ತಲೆಯ ಮೇಲೆ ಎರಡು ಬಂಡೆಗಳ ನಡುವೆ ಸೀಳುಬಿಟ್ಟ ಆಕಾಶ. ಇಳಿದದ್ದಾಯಿತು, ಬರಿಗೈಯಲ್ಲಿ ಹತ್ತುವುದೇ ಏದುಸಿರು ತರಿಸುವಾಗ ಚೀಲ ಹೊತ್ತವರ ಪಾಡು ಏನೆಂದು ಬೇರೆ ಹೇಳಬೇಕಿಲ್ಲ. ಮೊಣಕಾಲು ನೋವಿದ್ದವರು ತೋಟ ನೋಡಿ ಸುಮ್ಮನಾಗುವುದೇ ಸರಿ.

ರೊಂಡಾದ ಪತನಕ್ಕೂ ಈ ಸುರಂಗಕ್ಕೂ ನಂಟಿದೆ. 1485ರ ಮೇ ತಿಂಗಳಲ್ಲಿ ಕ್ರೈಸ್ತ ರಾಜ ಫೆರ್ದಿನಾಂದನ ಸೇನೆ ಊರನ್ನು ಸುತ್ತುವರಿದು ಫಿರಂಗಿಗಳಿಂದ ಗೋಡೆ ಒಡೆಯತೊಡಗಿತು. ದಂಡನಾಯಕರಲ್ಲಿ ಪ್ರಮುಖನಾಗಿದ್ದ ಕಾದಿಸ್‌ನ ಮಾರ್ಕಿಸ್ ನೀರಿನ ಈ ಗುಟ್ಟು ಪತ್ತೆಮಾಡಿ ದಾರಿ ಕಡಿದ. ಕಂದರ ಯಾವ ಶತ್ರುವನ್ನೂ ಒಳಗೆ ಬಿಡಲಾರದು ಎಂಬ ಭರವಸೆಯಲ್ಲಿದ್ದ ಊರು ಬಾಯಾರಿಕೆಯ ಮುಂದೆ ನಿಲ್ಲಲಾಗದೆ ಅದೇ ತಿಂಗಳು ಶರಣಾಯಿತು. ಏಳು ವರ್ಷಗಳ ನಂತರ, 1492ರಲ್ಲಿ, ಮುಸ್ಲಿಂ ಆಳ್ವಿಕೆಯಲ್ಲೇ ಉಳಿದಿದ್ದ ಗ್ರಾನಾದಾ ಕೂಡ ಬಿದ್ದಿತು.

ಓಣಿ ಹಿಡಿದು ಇಳಿಯುತ್ತಾ ಹೋದರೆ ಕಂದರ ಕಿರಿದಾಗುವಲ್ಲಿ 1616ರ ‘ಹಳೆಯ ಸೇತುವೆ’, ಅದಕ್ಕೂ ಕೆಳಗೆ ತೊಗಲು ಹದಮಾಡುವವರ ಕೇರಿಗೆ ಹೋಗುತ್ತಿದ್ದ ಪುಟ್ಟ ಸೇತುವೆ. ಹೊಸ ಸೇತುವೆ ಬರುವವರೆಗೆ ಈಚೆ ದಂಡೆಯಿಂದ ಆಚೆಗೆ ಹೋಗಬೇಕಾದವರು ಇಷ್ಟು ಕೆಳಗಿಳಿದು ಮತ್ತೆ ಅಷ್ಟೇ ಹತ್ತಬೇಕಿತ್ತು. ನೀರಿನ ಮಗ್ಗುಲಲ್ಲೇ ಅರಬ್ಬರ ಸ್ನಾನಗೃಹಗಳಿವೆ. ಹದಿಮೂರು-ಹದಿನಾಲ್ಕನೆಯ ಶತಮಾನದ ಈ ಕಟ್ಟಡ ಸ್ಪೇನ್‌ನಲ್ಲಿ ಚೆನ್ನಾಗಿ ಉಳಿದುಬಂದ ಇಂಥವುಗಳಲ್ಲಿ ಒಂದು. ತಣ್ಣೀರಿನ, ಉಗುರುಬಿಸಿಯ, ಬಿಸಿಯ ಕೋಣೆಗಳು ಸಾಲಾಗಿವೆ, ಕೊನೆಗೆ ಒಲೆ. ಹೊರಗಿನ ಗೋಪುರದಲ್ಲಿ ಕತ್ತೆ ಸುತ್ತು ಹಾಕುತ್ತಿದ್ದಂತೆ ರಾಟೆ ನೀರನ್ನೆತ್ತಿ ಕಾಲುವೆಗೆ ಸುರಿಯುತ್ತಿತ್ತು, ಅಲ್ಲಿಂದ ಅದು ಒಳಗೆ ಹರಿಯುತ್ತಿತ್ತು. ಮೇಲಿನ ಊರಿನಲ್ಲಿ ಕುಡಿಯುವ ನೀರಿಗೆ ಸೆರೆಯಾಳುಗಳ ಬೆನ್ನು ಬಾಗುತ್ತಿದ್ದಾಗ ಇಲ್ಲಿ ಮೀಯಲು ನೀರಿಗೆ ಕೊರತೆಯಿರಲಿಲ್ಲ. ನೀರಿದ್ದ ಕಡೆಗೇ ಸ್ನಾನಗೃಹವನ್ನು ಇಳಿಸಿದ್ದು ಜಾಣತನ. ಕಮಾನುಚಾವಣಿಯಲ್ಲಿ ನಕ್ಷತ್ರದಾಕಾರದ ಬೆಳಕಿಂಡಿಗಳಿವೆ. ಬಿಸಿಲೇರಿದಂತೆ ಆ ನಕ್ಷತ್ರಗಳು ನೆಲದ ಮೇಲೆ ನಿಧಾನಕ್ಕೆ ಸರಿಯುತ್ತವೆ.

ಆಚೆ ದಂಡೆಯಲ್ಲಿ ಕ್ವೆಂಕಾ ಹೆಸರಿನ ಮೆಟ್ಟಿಲುತೋಟದ ಮೂಲಕ ಮೇಲೇರಿದರೆ ಮತ್ತೆ ಪೇಟೆ. ಅಷ್ಟು ಹೊತ್ತಿಗೆ ಊಟದ ಸಮಯ. ಸ್ಪೇನ್‌ನಲ್ಲಿ ಮಧ್ಯಾಹ್ನದ ಊಟ ಎರಡರಿಂದ ನಾಲ್ಕರವರೆಗೆ. ಹನ್ನೆರಡಕ್ಕೇ ಹಸಿದವರಿಗೆ ಕಾಫಿ, ಬ್ರೆಡ್ಡೇ ಗತಿ. ಈ ಊರಿನ ಹೆಸರಾಂತ ಅಡುಗೆ ಗೂಳಿಯ ಬಾಲದ ಸಾರು. ಸಸ್ಯಾಹಾರಿಗಳಿಗೆ ಬಾದಾಮಿ, ಬೆಳ್ಳುಳ್ಳಿ, ಬ್ರೆಡ್ ಅರೆದು ಮಾಡುವ ತಣ್ಣನೆಯ ‘ಅಹೊಬ್ಲಾಂಕೊ’ ಇದೆ, ಕರಿದು ಕಬ್ಬಿನ ಕಾಕಂಬಿ ಸುರಿದ ಬದನೆಕಾಯಿ ಇದೆ. ಟೊಮೆಟೊದ ಗಟ್ಟಿ ಸಾರು ‘ಸಾಲ್ಮೊರೆಹೊ’ ಕೂಡ ರುಚಿ, ಆದರೆ ಅದರ ಮೇಲೆ ಹಂದಿಮಾಂಸದ ಚೂರು ಉದುರಿಸಿ ತರುವುದು ವಾಡಿಕೆ. ‘ಮಾಂಸ ಬೇಡ’ ಎಂದರೆ ಸಾಲದು, ಒಣಗಿಸಿದ ಹಂದಿಮಾಂಸವನ್ನು ಅನೇಕರು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಸಿನ್ ಹಮೋನ್’ ಎಂದು ಬಿಡಿಸಿ ಹೇಳಬೇಕು.

ಊಟದ ನಂತರ ಅಂಗಡಿಗಳು ಬಾಗಿಲೆಳೆಯುವ ಹೊತ್ತನ್ನು ಕಂದರದ ಬುಡಕ್ಕೆ ಇಳಿಯಲು ಇಟ್ಟುಕೊಳ್ಳಬಹುದು. ಹಳೆಯ ಊರಿನ ಮರಿಯಾ ಔಕ್ಸಿಲಿಯಾದೋರಾ ಚೌಕದಿಂದ ಕಾಲುದಾರಿಯೊಂದು ಪಶ್ಚಿಮದ ಇಳಿಜಾರಿನಲ್ಲಿ ತಿರುತಿರುಗಿ ಇಳಿಯುತ್ತದೆ. ಕೆಳಗೆ ‘ಗಿರಣಿಗಳ ದಾರಿ’. ಕಂದರದಿಂದ ಧುಮುಕುವ ನೀರಿನ ಬಲದಿಂದ ಇಲ್ಲಿ ಹಿಟ್ಟಿನ ಗಿರಣಿಗಳು ಓಡುತ್ತಿದ್ದವು, ಅವುಗಳ ಮುರುಕು ಗೋಡೆಗಳು ಪೊದೆಗಳ ನಡುವೆ ಕಾಣುತ್ತವೆ. ಮೇಲೆ ನಡೆದಾಡುವಾಗ ಬರೀ ರಸ್ತೆಯಂತಿದ್ದ ಸೇತುವೆ ಇಲ್ಲಿಂದ ಬುಡದಿಂದ ನೆತ್ತಿಯವರೆಗೆ ಪೂರ್ತಿ ಕಾಣುತ್ತದೆ, ಬುಡದ ಚಿಕ್ಕ ಕಮಾನಿನಿಂದ ನೀರು ಬೀಳುತ್ತಿರುತ್ತದೆ. ಕೆಂಪು ಕೊಕ್ಕಿನ ಕಪ್ಪು ಕಾಗೆಯಂಥ ಹಕ್ಕಿಗಳು ಬಂಡೆಯ ಬಿರುಕುಗಳಿಗೆ ಹೋಗಿಬಂದು ಮಾಡುತ್ತವೆ. ಅವುಗಳ ಕೂಗು ಗೋಡೆಯಿಂದ ಗೋಡೆಗೆ ಬಡಿದು ದುಪ್ಪಟ್ಟಾಗುತ್ತದೆ.

ಇಳಿದದ್ದನ್ನು ಹತ್ತಲು ಅರ್ಧ ಗಂಟೆಯಾದರೂ ಬೇಕು. ಮರಳುವ ಬಸ್ಸಿನ ಹೊತ್ತು ನೋಡಿಕೊಂಡೇ ಇಳಿಯಬೇಕು. ಉಳಿಯುವ ಅವಕಾಶವಿದ್ದವರು ಮರುದಿನ ಕೈಚಾಚುವ ದೂರದ ಸೆತೆನಿಲ್‌ಗೆ ಹೋಗುತ್ತಾರೆ, ಅಲ್ಲಿ ಬಂಡೆಯ ಚಾಚೇ ಮನೆಗಳ ಮಾಡು. ಇಲ್ಲವೇ ರೋಮನ್ನರ ಕಾಲದ ಪಾಳು ನಗರ ಅಸಿನಿಪೊಗೆ. ಸಂಜೆಯ ಬಸ್ಸುಗಳು ಹೊರಟಂತೆ ಸೇತುವೆಯ ಮೇಲಿನ ಗುಂಪು ತೆಳುವಾಗುತ್ತದೆ. ಪಶ್ಚಿಮಕ್ಕೆ ತೆರೆದ ಕಂದರದೊಳಕ್ಕೆ ಇಳಿಬಿಸಿಲು ನೇರ ನುಗ್ಗಿ ಕಲ್ಲಿಗೆ ಜೇನಿನ ಬಣ್ಣ ಬರುತ್ತದೆ. ತಳದಿಂದ ನೆರಳು ಮೇಲೇರುತ್ತಾ ಚಿಕ್ಕ ಕಮಾನನ್ನು ನುಂಗಿ, ದೊಡ್ಡದನ್ನು ನುಂಗಿ, ಕೊನೆಗೆ ಸೆರೆಮನೆಯಾಗಿದ್ದ ಆ ಕೋಣೆಯ ಕಿಟಕಿಯನ್ನು ಮುಟ್ಟುತ್ತದೆ.